ಜೇಡಿಮಣ್ಣಿನ ಕೊಳಲು

ಒಂದೇ ಧಾಟಿಯನ್ನು ಇಬ್ಬರು ಹುಡುಗರು ಮೈನ್‌ಕ್ರಾಫ್ಟ್ ಎಂಬ ಕಂಪ್ಯೂಟರ್ ಆಟದೊಳಗೆ ಕಟ್ಟಿದರು. ಒಬ್ಬನಿಗೆ ಏಳು ವಾರ ಹಿಡಿಯಿತು, ಇನ್ನೊಬ್ಬನಿಗೆ ಒಂದು ಸಂಜೆ ಸಾಕಾಯಿತು. ಮೊದಲನೆಯವನು ನನ್ನ ಅಕ್ಕನ ಮಗ, ಎರಡನೆಯವನು ಅವನ ಗೆಳೆಯ. ಇಬ್ಬರೂ ಇಲ್ಲೇ ಶಿರಾದಲ್ಲಿ ಬೆಳೆದವರು, ಈಗ ಡಿಪ್ಲೊಮಾ ಓದುತ್ತಿದ್ದಾರೆ. ಎರಡನ್ನೂ ಒಂದರ ಹಿಂದೊಂದು ನನಗೆ ಕೇಳಿಸಿದರು. ಗೆಳೆಯನದು ಅಲ್ಲಲ್ಲಿ ಸ್ವಲ್ಪ ತಡವರಿಸಿದ ಹಾಗೆ ಅನ್ನಿಸಿದ್ದು ಬಿಟ್ಟರೆ ಸ್ವರಗಳು ಅವೇ, ಧಾಟಿ ಅದೇ. ಆಗ ಗೆಳೆಯ ಕೇಳಿದ: "ಎರಡೂ ಒಂದೇ ಥರ ಕೇಳುಸ್ತವಲ್ಲ ಸರ್, ಹಂಗಾದ್ರೆ ಅವನದ್ದು ಏನು ಹೆಚ್ಚು?"

ಅವನ ಮಾತಿನಲ್ಲಿ ಕೊಂಕಿರಲಿಲ್ಲ. ನಿಜವಾಗಿಯೂ ತಿಳಿಯಬೇಕು ಅಂತಲೇ ಕೇಳಿದ್ದ. ಕೈಯಿಂದ ಮಾಡಿದ್ದಕ್ಕೂ ಯಂತ್ರ ಮಾಡಿಕೊಟ್ಟದ್ದಕ್ಕೂ ಕಿವಿಗೆ ವ್ಯತ್ಯಾಸ ತಿಳಿಯದಿದ್ದರೆ, ವ್ಯತ್ಯಾಸ ಇದೆ ಎಂದು ಹೇಳುವುದು ಬರೀ ಅಭಿಮಾನವೇ? ಕನ್ನಡ ಪಾಠ ಮಾಡುವ ನನಗೆ ಈ ಪ್ರಶ್ನೆ ಈಗ ಬೇರೆ ಬೇರೆ ವೇಷದಲ್ಲಿ ದಿನವೂ ಎದುರಾಗುತ್ತದೆ. ಆದರೆ ಪ್ರಬಂಧ, ಅನುವಾದ, ಪರೀಕ್ಷೆ ಎಂದ ಕೂಡಲೇ ಅಂಕ, ಶಿಸ್ತು, ಮೋಸ ಎಲ್ಲ ನಡುವೆ ಬಂದು ಪ್ರಶ್ನೆ ಕಲಕಿಹೋಗುತ್ತದೆ. ಈ ಹುಡುಗರ ಕೆಲಸಕ್ಕೆ ಅಂಕವೂ ಇಲ್ಲ, ದುಡ್ಡೂ ಇಲ್ಲ. ಅದಕ್ಕೇ ಇಲ್ಲಿ ಅದನ್ನು ಬಿಡಿಯಾಗಿಟ್ಟು ನೋಡಬಹುದು ಅನ್ನಿಸಿತು.

ಆಟ ಆಡದವರಿಗಾಗಿ ಒಂದಿಷ್ಟು ವಿವರ. ಮೈನ್‌ಕ್ರಾಫ್ಟ್ ಮೊದಲು ಜನರ ಕೈಗೆ ಬಂದದ್ದು 2009ರಲ್ಲಿ. ಅಲ್ಲಿ ನೆಲ, ಮರ, ಬೆಟ್ಟ ಎಲ್ಲವೂ ಇಟ್ಟಿಗೆಯಂಥ ಚೌಕದ ತುಂಡುಗಳು. ಅಗೆದು ತೆಗೆಯಬಹುದು, ಬೇಕಾದ ಕಡೆ ಜೋಡಿಸಬಹುದು. ಗೆಲ್ಲಲೇಬೇಕು ಎಂಬ ಗುರಿ ಇಲ್ಲ. ಮನೆ ಕಟ್ಟಿ, ಕೋಟೆ ಕಟ್ಟಿ, ಸುಮ್ಮನೆ ಅಲೆದಾಡಿ, ಎಲ್ಲವೂ ಆಟವೇ. 2011ರ ಜನವರಿಯಲ್ಲಿ ಅದಕ್ಕೆ ನೋಟ್ ಬ್ಲಾಕ್ ಎಂಬ ಒಂದು ತುಂಡು ಸೇರಿತು. ಎಂಟು ಮರದ ಹಲಗೆ, ನಡುವೆ ಚಿಟಿಕೆ ರೆಡ್‌ಸ್ಟೋನ್ ಪುಡಿ ಇಟ್ಟರೆ ಅದು ಸಿದ್ಧ. ತಟ್ಟಿದರೆ ಒಂದು ಸ್ವರ ನುಡಿಯುತ್ತದೆ. ಮೌಸಿನ ಬಲಗುಂಡಿ ಒಮ್ಮೆ ಒತ್ತಿದರೆ ಅರ್ಧ ಸ್ವರ ಮೇಲೇರುತ್ತದೆ. ಎರಡು ಸ್ಥಾಯಿ, ಒಟ್ಟು 25 ಸ್ವರಸ್ಥಾನ. ಮೇಲೇರುವುದಕ್ಕೆ ದಾರಿಯಿದೆ, ಇಳಿಯುವುದಕ್ಕಿಲ್ಲ. ಒಂದು ಒತ್ತು ಹೆಚ್ಚಾಯಿತೋ, ಇನ್ನೂ 24 ಸಲ ಒತ್ತಿ ಸುತ್ತು ಹಾಕಿಕೊಂಡು ಬರಬೇಕು. ಯಾವ ವಾದ್ಯದ ದನಿ ಬರಬೇಕು ಎನ್ನುವುದು ಆ ತುಂಡಿನ ಕೆಳಗೆ ಏನಿದೆ ಎಂಬುದರ ಮೇಲೆ ನಿಂತಿದೆ. ಕಲ್ಲಿದ್ದರೆ ನಗಾರಿಯಂಥ ಗುಮ್ಮೆನ್ನುವ ಸದ್ದು, ಚಿನ್ನವಿದ್ದರೆ ಗಂಟೆ, ಹುಲ್ಲಿನ ಕಂತೆಯಿದ್ದರೆ ಬ್ಯಾಂಜೊ, ಜೇಡಿಮಣ್ಣಿದ್ದರೆ ಕೊಳಲು. ಮಣ್ಣಿಗೂ ಕೊಳಲಿಗೂ ಏನು ನಂಟೋ, ಆಟ ಮಾಡಿದವರಿಗೇ ಗೊತ್ತು.

ಸ್ವರಗಳನ್ನು ಒಂದರ ಹಿಂದೊಂದು ನುಡಿಸಲು ರೆಡ್‌ಸ್ಟೋನ್ ಪುಡಿಯನ್ನು ತಂತಿಯ ಹಾಗೆ ನೆಲದ ಮೇಲೆ ಎಳೆಯಬೇಕು. ಅದರಲ್ಲಿ ವಿದ್ಯುತ್ತಿನಂಥದ್ದೊಂದು ಹರಿಯುತ್ತದೆ, ಆದರೆ 15 ಚೌಕ ದಾಟುವಷ್ಟರಲ್ಲಿ ಬಸವಳಿದು ನಿಲ್ಲುತ್ತದೆ. ಅದನ್ನು ಮತ್ತೆ ಎಬ್ಬಿಸುವುದಕ್ಕೂ, ಬೇಕಾದಷ್ಟು ತಡಮಾಡಿ ಮುಂದೆ ಕಳಿಸುವುದಕ್ಕೂ ರಿಪೀಟರ್ ಎಂಬ ಇನ್ನೊಂದು ತುಂಡು ಇದೆ. ಒಂದು ರಿಪೀಟರ್ ಸೆಕೆಂಡಿನ ಹತ್ತನೇ ಒಂದು ಭಾಗದಿಂದ ಹತ್ತನೇ ನಾಲ್ಕು ಭಾಗದವರೆಗೆ ತಡೆದು ಬಿಡುತ್ತದೆ. ತಾಳ, ಲಯ ಎಲ್ಲವೂ ಈ ಹತ್ತನೇ ಭಾಗಗಳಲ್ಲೇ ಆಗಬೇಕು. 2012ರಲ್ಲಿ ದೀಪವೂ ಬಂತು. ಅದಕ್ಕೆ ಒಂದು ಗುಣವಿದೆ: ಹತ್ತುವುದು ತಕ್ಷಣ, ಆರುವುದು ಕಣ್ಣಿಗೆ ಕಂಡೂ ಕಾಣದಷ್ಟು ತಡ.

ಇಷ್ಟೇ ಸಾಮಗ್ರಿಯಲ್ಲಿ ಜಗತ್ತಿನ ಮೂಲೆಮೂಲೆಯ ಹುಡುಗರು ಸಿನಿಮಾ ಹಾಡು, ಬೀಥೋವನ್, ಭಜನೆ ಎಲ್ಲ ಕಟ್ಟಿದ್ದಾರೆ. ಹಾಡಿಗೆ ತಕ್ಕ ಹಾಗೆ ಸಾಲುಸಾಲು ದೀಪ ಹತ್ತಿ ಆರುವಂತೆ ಮಾಡಿದ್ದಾರೆ. ನಮ್ಮ ಕಡೆಯವರಿಗೆ ಇದು ತೀರ ಹೊಸದಲ್ಲ. ಜಾತ್ರೆಯಲ್ಲಿ ಸೀರಿಯಲ್ ಸೆಟ್ ನೋಡದೆ ಬೆಳೆದವರು ಯಾರಿದ್ದಾರೆ? ಬೊಂಬಿನ ಅಟ್ಟಣಿಗೆಗೆ ಕಟ್ಟಿದ ದೇವರ ಆಕಾರ, ಅದರ ಚಕ್ರ ತಿರುಗಿದ ಹಾಗೆ, ಕೈಯಿಂದ ದುಡ್ಡು ಸುರಿದ ಹಾಗೆ ಬಣ್ಣದ ಬಲ್ಬುಗಳ ಓಟ. ನನಗೆ ಪರಿಚಯವಿದ್ದ ಹಳೆಯ ಲೈಟಿಂಗ್ಸಿನವರೊಬ್ಬರ ಹತ್ತಿರ ಅದನ್ನು ಓಡಿಸುವ ಮರದ ಉರುಳೆ ಇತ್ತು. ಮೈಮೇಲೆ ತಾಮ್ರದ ಪಟ್ಟಿಗಳನ್ನು ಹೊಡೆದ ಆ ಉರುಳೆಯನ್ನು ಸಣ್ಣ ಮೋಟಾರು ತಿರುಗಿಸುತ್ತಿತ್ತು. ಪಟ್ಟಿ ತಾಗಿದಾಗ ಒಂದು ಸಾಲು ಹತ್ತುವುದು, ಬಿಟ್ಟಾಗ ಆರುವುದು. ಯುರೋಪಿನ ಹಳೆಯ ಸಂಗೀತದ ಪೆಟ್ಟಿಗೆಗಳಲ್ಲಿ ಮುಳ್ಳು ಹೊಡೆದ ಉರುಳೆ ತಿರುಗಿ ಸ್ವರ ಮೀಟುವುದೂ ಇದೇ ಲೆಕ್ಕ. ಉರುಳೆ ಅದೇ. ಒಂದು ಕಡೆ ಸ್ವರ, ಇನ್ನೊಂದು ಕಡೆ ಬೆಳಕು.

ಇನ್ನು ಆ ಧಾಟಿ. ಶಿರಾ ತಾಲ್ಲೂಕಿನ ಕಳುವರಹಳ್ಳಿಯ ಹತ್ತಿರ ಜುಂಜಪ್ಪನ ಗುಡ್ಡೆ ಇದೆ. ಜುಂಜಪ್ಪ ಕಾಡುಗೊಲ್ಲರ ವೀರ, ದನ ಕಾದವನು, ಈಗ ದೇವರು. ಅವನ ಕಥೆಯನ್ನು ರಾತ್ರಿಯಿಡೀ ಹಾಡುವ ಗಾಯಕರು ಗಣೆ ಎಂಬ ಉದ್ದನೆಯ ಬಿದಿರಿನ ಕೊಳಲನ್ನು ಊದುತ್ತಾರೆ. ಗಣೆಯ ದನಿ ಕಛೇರಿಯ ಕೊಳಲಿನ ಹಾಗೆ ಮೇಲಕ್ಕೆ ಹಾರುವುದಿಲ್ಲ. ತಗ್ಗಿನಲ್ಲಿ, ಗಾಳಿ ಬೆರೆತುಕೊಂಡು, ಎದೆಯ ಹತ್ತಿರ ನಿಲ್ಲುತ್ತದೆ. ಅಕ್ಕನ ಮಗನಿಗೆ ಅದು ಹೇಗೋ ಹಿಡಿಸಿತು. ನನಗೆ ಪರಿಚಯದ ಗಾಯಕರೊಬ್ಬರು ತಾಲ್ಲೂಕಿನ ಒಂದು ಗೊಲ್ಲರಹಟ್ಟಿಯಲ್ಲಿದ್ದಾರೆ, ವಯಸ್ಸಾದವರು. ಅವರಲ್ಲಿಗೆ ಕರೆದುಕೊಂಡು ಹೋದೆ. ರೆಕಾರ್ಡ್ ಮಾಡಿಕೊಳ್ಳಬಹುದೇ, ಆಟದಲ್ಲಿ ಕಟ್ಟಬಹುದೇ ಎಂದು ಹುಡುಗ ಕೇಳಿದ. ಆಟ ಅಂದರೆ ಏನು, ಎಲ್ಲಿ ಇಡುತ್ತಾನೆ, ಯಾರು ಕೇಳುತ್ತಾರೆ ಎಂದೆಲ್ಲ ಅವರು ವಿಚಾರಿಸಿದರು. ಕೊನೆಗೆ, "ಕತೆ ಬ್ಯಾಡ ಕಣಪ್ಪ, ಅದು ಎಲ್ಲಂದ್ರಲ್ಲಿ ಹೇಳಾದಲ್ಲ. ಬರೀ ಗಣೆ ಬೇಕಾದ್ರೆ ಹಿಡ್ಕಾ," ಅಂದರು. ಹುಡುಗ ಗಣೆಯನ್ನಷ್ಟೇ ಫೋನಿನಲ್ಲಿ ಹಿಡಿದುಕೊಂಡ, ಸುಮಾರು ಎರಡು ನಿಮಿಷ.

ಆ ಎರಡು ನಿಮಿಷವೇ ಏಳು ವಾರ ತಿಂದದ್ದು. ಕಿವಿಗೆ ಕೇಳಿದ ಪ್ರತಿ ಸ್ವರವನ್ನೂ ಆಟದ 25 ಸ್ವರಗಳಲ್ಲಿ ಹುಡುಕಿ ಕೂರಿಸಬೇಕಿತ್ತು. ಮೊದಲ ವಾರದಲ್ಲೇ ತೊಡಕು ಶುರುವಾಯಿತು. ಗಣೆಯವರು ಒಂದು ಸ್ವರದಿಂದ ಇನ್ನೊಂದಕ್ಕೆ ಹಾರುವುದಿಲ್ಲ, ಜಾರುತ್ತಾರೆ. ಆಟದ ತುಂಡಿಗೆ ಜಾರಲು ಬಾರದು. ಅದು ಮೆಟ್ಟಿಲು, ಈ ಮೆಟ್ಟಿಲ ಮೇಲೆ ನಿಲ್ಲು, ಇಲ್ಲವೇ ಆ ಮೆಟ್ಟಿಲ ಮೇಲೆ ನಿಲ್ಲು. ನಮ್ಮ ಶಾಸ್ತ್ರೀಯ ಸಂಗೀತದವರು ಗಮಕ ಎನ್ನುವುದೂ, ಹಟ್ಟಿಯ ಗಾಯಕರು ಹೆಸರಿಡದೆ ಮಾಡುವುದೂ ಆ ಮೆಟ್ಟಿಲುಗಳ ನಡುವೆ ನಡೆಯುವಂಥದ್ದು. ಹುಡುಗ ನಡುವಿನ ಅರ್ಧ ಸ್ವರಗಳನ್ನೆಲ್ಲ ಬೇಗಬೇಗ ನುಡಿಸಿ ನೋಡಿದ. "ಯಾರೋ ಮೆಟ್ಟಿಲಿಂದ ಉರುಳಿ ಬಿದ್ದಂಗಾಯ್ತು ಮಾಮ," ಅಂದ. ತೆಗೆದುಹಾಕಿದ. ಬರೀ ಸ್ವರಗಳನ್ನಿಟ್ಟ, ಪ್ರಾರ್ಥನೆಗೆ ಸಾಲಾಗಿ ನಿಂತ ಸ್ಕೂಲ್ ಮಕ್ಕಳ ಹಾಗೆ ಕೇಳಿಸಿತು.

ಆಮೇಲೆ ಅವನಿಗೆ ಹೊಳೆದದ್ದನ್ನು ನಾನು ಈಗಲೂ ನೆನೆಯುತ್ತೇನೆ. ಸ್ವರದಿಂದ ಸ್ವರಕ್ಕೆ ಜಾರುವ ಕಡೆಗಳಲ್ಲಿ ಸದ್ದನ್ನು ಹಾಗೇ ಬಿಟ್ಟು, ಆ ಎರಡು ತುಂಡುಗಳ ನಡುವೆ ಏಳು ದೀಪಗಳನ್ನು ಏರುಗಾಲಿನಲ್ಲಿ ಜೋಡಿಸಿದ. ಒಂದೊಂದು ದೀಪಕ್ಕೂ ಹತ್ತನೇ ಒಂದು ಸೆಕೆಂಡಿನ ಅಂತರ. ಮೊದಲ ಸ್ವರ ನುಡಿದ ಕೂಡಲೇ ಬೆಳಕು ಮೇಲಕ್ಕೆ ಓಡುತ್ತದೆ, ಎರಡನೆಯ ಸ್ವರ ನುಡಿಯುವ ಹೊತ್ತಿಗೆ ಅಲ್ಲಿಗೆ ಮುಟ್ಟುತ್ತದೆ. ದೀಪ ಆರುವುದು ಕೊಂಚ ತಡವಲ್ಲವೇ, ಹಾಗಾಗಿ ಹಿಂದಿನೆರಡು ದೀಪ ಇನ್ನೂ ಉರಿಯುತ್ತಿರುವಾಗಲೇ ಮುಂದಿನದು ಹತ್ತಿ, ಬೆಳಕಿಗೊಂದು ಬಾಲ ಬರುತ್ತದೆ. ಕಿವಿಗೆ ಕೇಳದ ಜಾರು ಕಣ್ಣಿಗೆ ಕಾಣುತ್ತದೆ. ಕೆಳಮುಖದ ಜಾರಿಗೆ ಕೆಳಮುಖದ ದೀಪ. ನಿಧಾನ ಜಾರಿದ ಕಡೆ ಹೆಚ್ಚು ದೀಪ.

ಗೆಳೆಯ ಅದೇ ರೆಕಾರ್ಡಿಂಗನ್ನು ತೆಗೆದುಕೊಂಡು, ದನಿಯನ್ನು ಸ್ವರಗಳ ಪಟ್ಟಿಯಾಗಿ ಬಿಡಿಸುವ ಒಂದು ಆ್ಯಪಿಗೆ ಹಾಕಿದ. ಆ ಪಟ್ಟಿಯನ್ನು ಓಪನ್ ನೋಟ್ ಬ್ಲಾಕ್ ಸ್ಟುಡಿಯೊ ಎಂಬ ತಂತ್ರಾಂಶಕ್ಕೆ ಕೊಟ್ಟ. ಅದು ತುಂಡು, ತಂತಿ, ರಿಪೀಟರ್ ಎಲ್ಲವನ್ನೂ ಜೋಡಿಸಿಕೊಟ್ಟಿತು. ಪ್ರತಿ ಸ್ವರದ ಪಕ್ಕಕ್ಕೂ ಒಂದೊಂದು ದೀಪವಿಟ್ಟ. ಸ್ವರ ನುಡಿದಾಗ ದೀಪ ಹತ್ತುತ್ತದೆ. ಅಂದವಾಗಿಯೇ ಇದೆ.

ಅವನ ಪ್ರಶ್ನೆಗೆ ಸುಲಭದ ಉತ್ತರಗಳು ಮೂರ್ನಾಲ್ಕು ಇವೆ. ಅವು ಯಾವುವೂ ನನಗೆ ಒಗ್ಗಲಿಲ್ಲ.

ಕಷ್ಟಪಟ್ಟಿದ್ದಾನೆ, ಅದಕ್ಕೇ ಹೆಚ್ಚು ಅನ್ನುವುದು ಒಂದು. ನಮ್ಮಲ್ಲಿ ಕಷ್ಟಕ್ಕೆ ಒಂದು ಮರ್ಯಾದೆ ಇದೆ, ಇರಲಿ. ಆದರೆ ಕಷ್ಟವೇ ಬೆಲೆಯಾದರೆ ದಾರಿ ತಪ್ಪಿ ಮಧುಗಿರಿ ಸುತ್ತಿಕೊಂಡು ತುಮಕೂರಿಗೆ ಹೋದವನು ನೇರ ಹೋದವನಿಗಿಂತ ದೊಡ್ಡ ಪ್ರಯಾಣಿಕ ಆಗಬೇಕು. 24 ಸಲ ಗುಂಡಿ ಒತ್ತಿದ್ದರಲ್ಲಿ ಪುಣ್ಯವೇನೂ ಇಲ್ಲ.

ಆಟದ ನಿಯಮ ಮುರಿದಿದ್ದಾನೆ ಎನ್ನುವುದು ಇನ್ನೊಂದು. ಬರ್ನಾರ್ಡ್ ಸೂಟ್ಸ್ ಎಂಬ ತತ್ವಶಾಸ್ತ್ರಜ್ಞ 1978ರಲ್ಲಿ 'ದಿ ಗ್ರಾಸ್‌ಹಾಪರ್' ಎಂಬ ಸೊಗಸಾದ ಪುಸ್ತಕ ಬರೆದ. ಆಟ ಎಂದರೇನು ಎನ್ನುವುದೇ ಅದರ ವಿಷಯ. ಬೇಕಿಲ್ಲದ ಅಡ್ಡಿಗಳನ್ನು ನಾವಾಗಿ ಒಪ್ಪಿಕೊಂಡು ಅವುಗಳನ್ನು ದಾಟಲು ಹೆಣಗುವುದೇ ಆಟ ಎಂಬುದು ಅವನ ವಾದ. ಗಾಲ್ಫಿನಲ್ಲಿ ಚೆಂಡು ಗುಳಿಗೆ ಬೀಳುವುದಷ್ಟೇ ಮುಖ್ಯವಾಗಿದ್ದರೆ ಕೈಯಲ್ಲೇ ಒಯ್ದು ಹಾಕಬಹುದಿತ್ತು. ಆದರೆ ಆಗ ಅದು ಗಾಲ್ಫ್ ಅಲ್ಲ. ಈ ಲೆಕ್ಕದಲ್ಲಿ ಗೆಳೆಯ ಚೆಂಡನ್ನು ಕೈಯಲ್ಲಿ ಒಯ್ದು ಹಾಕಿದವನು. ಸರಿ, ಆದರೆ ಮೈನ್‌ಕ್ರಾಫ್ಟಿನಲ್ಲಿ ಸಂಗೀತ ಕಟ್ಟುವುದಕ್ಕೆ ನಿಯಮ ಮಾಡಿದವರು ಯಾರು? ತಂತ್ರಾಂಶ ಬಳಸಬಾರದು ಎಂದು ಎಲ್ಲೂ ಬರೆದಿಲ್ಲ. ಗೆಳೆಯ ಬೇರೆ ಆಟ ಆಡಿದ ಎಂದಷ್ಟೇ ಹೇಳಬಹುದು, ಕೀಳು ಆಟ ಆಡಿದ ಎಂದಲ್ಲ.

ಯಂತ್ರ ನುಡಿಸಿದ್ದು ಸಂಗೀತವೇ ಅಲ್ಲ ಎನ್ನುವವರಿದ್ದಾರೆ. ಹಾಗೆಂದರೆ ಇಬ್ಬರದೂ ಹೋಗುತ್ತದೆ, ಏಕೆಂದರೆ ನುಡಿಸುವಾಗ ಅಕ್ಕನ ಮಗನೂ ಒಂದು ಗುಂಡಿ ಒತ್ತಿ ಕೈಕಟ್ಟಿ ನಿಲ್ಲುವವನೇ. 1761ರಲ್ಲಿ ಶಿರಾದ ನವಾಬನೆಂಬ ಬಿರುದು ಪಡೆದ ಹೈದರ್ ಅಲಿಯ ಮಗ ಟಿಪ್ಪುವಿನ ಮರದ ಹುಲಿ ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಹೊತ್ತೊಯ್ದದ್ದು. ಪಕ್ಕದ ಹಿಡಿ ತಿರುಗಿಸಿದರೆ ಹುಲಿ ಗುರ್ರೆನ್ನುತ್ತದೆ, ಅದರ ಕೆಳಗೆ ಬಿದ್ದಿರುವ ಪರದೇಶಿ ಕೈ ಎತ್ತಿ ನರಳುತ್ತಾನೆ. ಅದೇ ಹುಲಿಯ ಮೈಯೊಳಗೆ ಒಂದು ಆರ್ಗನ್ನೂ ಇದೆ, ದಂತದ 18 ಗುಂಡಿಗಳದ್ದು. ಒಂದೇ ಗೊಂಬೆಯಲ್ಲಿ ಹಿಡಿ ತಿರುಗಿಸುವವನಿಗೂ ಜಾಗವಿದೆ, ಬೆರಳಾಡಿಸಬಲ್ಲವನಿಗೂ ಇದೆ. ಈಸ್ಟ್ ಇಂಡಿಯಾ ಕಂಪನಿಯ ಗ್ರಂಥಾಲಯದಲ್ಲಿ ಅದನ್ನಿಟ್ಟಿದ್ದಾಗ ಬಂದವರೆಲ್ಲ ಹಿಡಿ ತಿರುಗಿಸಿ ತಿರುಗಿಸಿ, ಓದಲು ಕೂತವರ ತಲೆ ಚಿಟ್ಟು ಹಿಡಿಸಿದ್ದರಂತೆ. ಹಿಡಿ ತಿರುಗಿಸಿದವರನ್ನು ವಾದಕರೆಂದು ಯಾರೂ ಕರೆಯುವುದಿಲ್ಲ. ಆದರೆ ಯಂತ್ರದ ಒಳಗನ್ನು ಕಟ್ಟಿದವನು? ಕಾನ್ಲನ್ ನ್ಯಾನ್‌ಕಾರೊ (1912–1997) ಎಂಬ ಸಂಗೀತಗಾರ ಅಮೆರಿಕದಲ್ಲಿ ಹುಟ್ಟಿ ಮೆಕ್ಸಿಕೊ ನಗರದಲ್ಲಿ ಬದುಕಿದವನು. ತಾನಾಗಿ ನುಡಿಯುವ ಪಿಯಾನೊಗಳಿಗೆ ಕಾಗದದ ಸುರುಳಿಯಲ್ಲಿ ಒಂದೊಂದೇ ತೂತು ಕೊರೆದು ಸಂಗೀತ ಬರೆದ. ಹತ್ತು ಬೆರಳಿನ ಮನುಷ್ಯ ನುಡಿಸಲಾಗದಂಥದ್ದನ್ನು ಬರೆದ. ಅವನು ನುಡಿಸಲಿಲ್ಲ ಎಂಬ ಕಾರಣಕ್ಕೆ ಅದನ್ನು ಸಂಗೀತವಲ್ಲ ಎನ್ನಲು ನನ್ನಿಂದಾಗದು.

ಹಾಗಾದರೆ ವ್ಯತ್ಯಾಸ ಎಲ್ಲಿದೆ? ನನಗೆ ಕಾಣುವುದು ಆ ಜಾರಿನಲ್ಲಿ.

ಗಣೆಯ ದನಿಯನ್ನು 25 ಮೆಟ್ಟಿಲಿಗೆ ಇಳಿಸಿದಾಗ ಒಂದಷ್ಟು ಕಳೆದುಹೋಗಲೇಬೇಕು. ಇಬ್ಬರ ಕೆಲಸದಲ್ಲೂ ಕಳೆದಿದೆ. ಆ್ಯಪು ಏನು ಮಾಡುತ್ತದೆ? ಎರಡು ಸ್ವರಗಳ ನಡುವೆ ಇರುವುದನ್ನು ಹತ್ತಿರದ ಸ್ವರಕ್ಕೆ ತಳ್ಳುತ್ತದೆ, ಅಂಗಡಿಯವರು ಚಿಲ್ಲರೆ ಬಿಟ್ಟು ಲೆಕ್ಕ ಮಾಡುವ ಹಾಗೆ. ವ್ಯತ್ಯಾಸವೆಂದರೆ ಅಂಗಡಿಯವರು "ಎಂಟಾಣೆ ಬಿಡ್ರಿ" ಎಂದು ಹೇಳಿಯಾದರೂ ಬಿಡುತ್ತಾರೆ. ಆ್ಯಪು ಹೇಳುವುದಿಲ್ಲ. ಬಿಟ್ಟದ್ದಕ್ಕೆ ಗುರುತೇ ಇರುವುದಿಲ್ಲ. ಗೆಳೆಯ ತಾನು ಕಟ್ಟಿಸಿದ್ದನ್ನು ಎಷ್ಟು ಸಲ ಕೇಳಿದರೂ ಗಣೆ ಎಂದರೆ ಇಷ್ಟೇ ಎಂದುಕೊಳ್ಳುತ್ತಾನೆ. ಅಕ್ಕನ ಮಗನ ಕೆಲಸದಲ್ಲಾದರೋ ಕಳೆದ ಜಾಗದಲ್ಲಿ ದೀಪವಿದೆ. ಇಲ್ಲಿ ಏನೋ ಇತ್ತು, ನನ್ನಿಂದ ಹಿಡಿಯಲಾಗಲಿಲ್ಲ, ಹೀಗಿತ್ತು ಎಂದು ಅದು ತೋರಿಸುತ್ತದೆ. ಜಾತ್ರೆಯ ಲೈಟಿಂಗ್ಸಿನಿಂದ ಎರವಲು ತಂದ ಬೆಳಕಿನಲ್ಲಿ ಒಬ್ಬ ಹುಡುಗ ಸಾಲವನ್ನು ಬರೆದಿಟ್ಟಿದ್ದಾನೆ.

ಇದು ಆಟದ ಮಾತಷ್ಟೇ ಅಲ್ಲ. ಚಳ್ಳಕೆರೆ ಸೀಮೆಯ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯ ಬಾಯಿಂದ ಸಾವಿರಾರು ಹಾಡುಗಳು ಬಂದವು. ಅವುಗಳನ್ನು ಕೃಷ್ಣಮೂರ್ತಿ ಹನೂರರು ಕೂತು ಕೇಳಿ, ಬರೆದು 'ಸಾವಿರದ ಸಿರಿಬೆಳಗು' ಎಂಬ ಪುಸ್ತಕ ಮಾಡಿದರು. ಪುಸ್ತಕದಲ್ಲಿ ಪದಗಳಿವೆ, ಧಾಟಿಯಿಲ್ಲ. ಅಕ್ಷರ ಹೊರಲಾರದ್ದನ್ನು ಅಕ್ಷರ ಬಿಟ್ಟಿದೆ. ಆದರೆ ಬರೆದುಕೊಂಡವರು ಅಜ್ಜಿಯ ಎದುರು ಕೂತಿದ್ದವರು, ಬಿಟ್ಟದ್ದು ಏನೆಂಬುದು ಅವರ ಕಿವಿಗೆ ಗೊತ್ತು. ನಮ್ಮ ಜಾನಪದ ಸಂಗ್ರಹಗಳಲ್ಲಿ ಒಳ್ಳೆಯವು ಓದುವಾಗ ಈ ಕೊರತೆಯ ಅರಿವು ಪುಟದ ಅಂಚಿನಲ್ಲಿ ಎಲ್ಲೋ ಮಿಸುಕುತ್ತಿರುತ್ತದೆ. ಕೆಟ್ಟವುಗಳಲ್ಲಿ ಅದು ಇರುವುದಿಲ್ಲ, ಹಾಡನ್ನು ಪೂರ್ತಿ ಹಿಡಿದುಬಿಟ್ಟೆವು ಎಂಬ ಠೇಂಕಾರವಿರುತ್ತದೆ. ಇನ್ನೊಬ್ಬರಿಂದ ಪಡೆದದ್ದನ್ನು ಬೇರೊಂದು ರೂಪಕ್ಕೆ ಇಳಿಸುವವನ ಮೇಲೆ ಒಂದು ಹೊಣೆ ಇದೆ. ಪೂರ್ತಿ ಕೊಡು ಎಂದು ಯಾರೂ ಕೇಳಲಾರರು. ಏನು ಬಿಟ್ಟೆ ಎಂದು ಕೇಳಿದಾಗ ಹೇಳಲು ಬರಬೇಕು, ಅಷ್ಟೇ. ಕೈಯಿಂದ ಮಾಡಿದವನಿಗೆ ಅದು ಬರುತ್ತದೆ, ಯಾಕೆಂದರೆ ಬಿಡುವಾಗ ಅವನ ಕೈ ಅಲ್ಲಿ ನಿಂತಿತ್ತು.

ನಾನು ಹೇಳಿದ ಲೈಟಿಂಗ್ಸಿನವರ ವಿಷಯದಲ್ಲೂ ಇದನ್ನು ಕಂಡಿದ್ದೇನೆ. ಸೀರಿಯಲ್ ಸೆಟ್ಟಿನಲ್ಲಿ ಬಲ್ಬುಗಳು ಒಂದರ ಬಾಲ ಇನ್ನೊಂದು ಹಿಡಿದಂತೆ ಇರುತ್ತವೆ. ಒಂದು ಹೋದರೆ ಆ ಸಾಲೇ ಕತ್ತಲು. ರಾತ್ರಿ ಹನ್ನೆರಡಕ್ಕೆ ದೇವಿಯ ಬಲಗೈ ಆರಿಹೋದಾಗ ಅವರು ಏಣಿ ಹತ್ತಿ ನೇರ ಆ ಜಾಗಕ್ಕೇ ಕೈ ಹಾಕುತ್ತಿದ್ದರು. ಹೇಗೆ ಗೊತ್ತಾಯಿತು ಎಂದು ಕೇಳಿದರೆ, "ಕಟ್ಟಿದ್ದು ನಾನೇ ಅಲ್ವಾ ಸ್ವಾಮಿ, ಅಲ್ಲಿ ವೈರು ಕಮ್ಮಿ ಬಿದ್ದಿತ್ತು, ಎಳೆದು ಕಟ್ಟಿದ್ದೆ," ಅನ್ನುತ್ತಿದ್ದರು. ಈಗ ಬರುವ ಎಲ್‌ಇಡಿ ಬೋರ್ಡುಗಳು ಹೆಚ್ಚು ಬೆಳಗುತ್ತವೆ, ಕಡಿಮೆ ಕರೆಂಟು ತಿನ್ನುತ್ತವೆ, ಕೆಟ್ಟರೆ ಪೂರ್ತಿ ಬೋರ್ಡನ್ನೇ ಬದಲಿಸುತ್ತಾರೆ. ಅದರ ಬಗ್ಗೆ ನನಗೆ ಗೋಳೇನೂ ಇಲ್ಲ. ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡವರನ್ನೂ ನೋಡಿದ್ದೇನೆ.

ಇದನ್ನೆಲ್ಲ ಗೆಳೆಯನಿಗೆ ಹೇಳಿದೆ. ಅವನು ಕೇಳಿಸಿಕೊಂಡು, "ಸರ್, ನನಗೆ ಗೊತ್ತಿಲ್ಲ ಅನ್ನೋದು ನಿಜ. ಆದ್ರೆ ಅವನಿಗೆ ಎಲ್ಲಾ ಗೊತ್ತು ಅಂತ ನಿಮಗೆ ಹೆಂಗೆ ಗೊತ್ತು?" ಅಂದ. ಚುರುಕು ಹುಡುಗ.

ಎರಡನ್ನೂ ಫೋನಿಗೆ ಹಾಕಿಕೊಂಡು ಮೂವರೂ ಹಟ್ಟಿಗೆ ಹೋದೆವು. ಮೊದಲು ತೋರಿಸಿದ್ದು ಅಕ್ಕನ ಮಗನದ್ದು. ಅಜ್ಜ ಫೋನನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. ದೀಪ ಮೇಲಕ್ಕೆ ಓಡಿದಾಗಲೆಲ್ಲ ಅವರ ತಲೆಯೂ ಒಂಚೂರು ಮೇಲಕ್ಕೆ ಹೋಗುತ್ತಿತ್ತು. "ಇದು ಸರಿ ಐತೆ ಕಣ್ರಪ್ಪ. ಬೆಳಕು ಓಡ್ತೈತಲ್ಲ, ಗಣೇನೂ ಅಂಗೇ ಓಡಾದು," ಅಂದರು. ಹುಡುಗನ ಮುಖ ಅರಳಿತು. ಅಜ್ಜ ಇನ್ನೊಮ್ಮೆ ಹಾಕಿಸಿದರು. ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಅವನ ಕಡೆ ತಿರುಗಿ ಕೇಳಿದರು:

"ಉಸುರು ಎಲ್ಲಿ ತಗಂಡೆ?"

ಹುಡುಗನಿಗೆ ಅರ್ಥವಾಗಲಿಲ್ಲ. ಗಣೆ ಊದುವವನು ನಡುನಡುವೆ ಉಸಿರು ಎಳೆದುಕೊಳ್ಳಬೇಕು, ಆಗ ದನಿ ನಿಲ್ಲುತ್ತದೆ. ರೆಕಾರ್ಡಿಂಗಿನಲ್ಲಿ ಅದೆಲ್ಲ ಇತ್ತು. ಅಕ್ಕನ ಮಗ ಕಿವಿಯಲ್ಲಿ ಸ್ವರಗಳನ್ನು ಹುಡುಕುತ್ತ ಹೋದವನು, ಸ್ವರವಿಲ್ಲದ ಜಾಗವನ್ನು ಖಾಲಿ ಎಂದುಕೊಂಡು ಮುಚ್ಚಿಬಿಟ್ಟಿದ್ದ. ಆಟದ ತುಂಡಿಗೆ ಶ್ವಾಸಕೋಶವಿಲ್ಲ, ಎಷ್ಟು ಹೊತ್ತಾದರೂ ನುಡಿಯುತ್ತದೆ. ಏಳು ವಾರದಲ್ಲಿ ಒಮ್ಮೆಯೂ ಅವನಿಗೆ ಅದು ಕೊರತೆಯಾಗಿ ಕಂಡಿರಲಿಲ್ಲ.

ಗೆಳೆಯನದ್ದನ್ನು ಹಾಕಿದೆವು. ಅಜ್ಜ ಸ್ವಲ್ಪ ಹೊತ್ತು ಕೇಳಿ, "ಇವ್ನು ಉಸುರು ಬಿಟ್ಟವ್ನೆ," ಅಂದರು. ನನಗೆ ಅಲ್ಲಲ್ಲಿ ತಡವರಿಸಿದಂತೆ ಕೇಳಿದ್ದು ಅದೇ. ಆ್ಯಪಿಗೆ ಉಸಿರು ಗೊತ್ತಿಲ್ಲ, ಸಂಗೀತವೂ ಗೊತ್ತಿಲ್ಲ. ಯಾವುದು ಮುಖ್ಯ ಯಾವುದು ಅಲ್ಲ ಎಂದು ಆರಿಸಲು ಬಾರದ್ದರಿಂದಲೇ ಮೌನವನ್ನೂ ಅಳೆದು ಇದ್ದ ಜಾಗದಲ್ಲೇ ಇಟ್ಟಿತ್ತು. ಗೆಳೆಯನಿಗೂ ತನ್ನ ಕೆಲಸದಲ್ಲಿ ಉಸಿರಿದೆ ಎಂಬುದು ಅಜ್ಜ ಹೇಳಿದ ಮೇಲೇ ತಿಳಿದದ್ದು. ಹೊಗಳಿಕೆಯನ್ನು ಹೇಗೆ ತೆಗೆದುಕೊಳ್ಳಬೇಕು ಎಂದು ತಿಳಿಯದೆ ಅವನು ಚಪ್ಪಲಿ ನೋಡುತ್ತ ಕೂತಿದ್ದ.

ಹಾಗಾಗಿ ನನ್ನ ಉತ್ತರಕ್ಕೆ ಒಂದು ಮಿತಿ ಹಾಕಿಕೊಳ್ಳಬೇಕು. ಕೈಯಿಂದ ಮಾಡುವವನಿಗೆ ತಾನು ಹೆಣಗಿದ ಕಡೆ ಕಳೆದದ್ದು ಮಾತ್ರ ಗೊತ್ತಿರುತ್ತದೆ. ಎಡವದೆ ದಾಟಿಹೋದ ಕಡೆ ಕಳೆದದ್ದು ಅವನಿಗೂ ಗೊತ್ತಿಲ್ಲ. ಕೈಗೂ ಕುರುಡುಜಾಗಗಳಿವೆ, ಮತ್ತು ಅವು ಅವನ ಅಭಿರುಚಿಯ ಆಕಾರದಲ್ಲೇ ಇರುತ್ತವೆ. ಯಂತ್ರ ಎಲ್ಲ ಕಡೆಯೂ ಸಮನಾಗಿ ಕುರುಡು, ಹಾಗಾಗಿ ಒಮ್ಮೊಮ್ಮೆ ನಾವು ಎಸೆದದ್ದನ್ನು ಎತ್ತಿಟ್ಟಿರುತ್ತದೆ. ಎತ್ತಿಟ್ಟಿದೆ ಎಂದು ಅದಕ್ಕೆ ತಿಳಿದಿರುವುದಿಲ್ಲ, ತಿಳಿಯಲು ಅಜ್ಜ ಬೇಕಾದರು. ಏನು ಬಿಟ್ಟೆ ಎಂಬ ಪ್ರಶ್ನೆಗೆ ಉತ್ತರಿಸುವ ಹೊಣೆ ಹಾಗೇ ಉಳಿಯುತ್ತದೆ. ಆದರೆ ಆ ಪ್ರಶ್ನೆಯನ್ನು ನಮಗೆ ನಾವೇ ಕೇಳಿಕೊಂಡರೆ ಸಾಲದು. ಧಾಟಿ ಯಾರದೋ ಅವರ ಎದುರು ಹೋಗಿ ಕೂರಬೇಕಾಗುತ್ತದೆ. ಒಪ್ಪಿಗೆ ಕೇಳುವಾಗ ಒಮ್ಮೆ ಹೋಗಿದ್ದೆವು. ಕಟ್ಟಿಯಾದ ಮೇಲೆ ಎರಡನೆಯ ಸಲ ಹೋಗದಿದ್ದರೆ ಈ ಉಸಿರಿನ ಮಾತು ಬರುತ್ತಲೇ ಇರಲಿಲ್ಲ. ಎಷ್ಟೋ ಸಂಗ್ರಹ, ಎಷ್ಟೋ ಸಾಕ್ಷ್ಯಚಿತ್ರ, ಎಷ್ಟೋ ಪಿಎಚ್.ಡಿ. ಪ್ರಬಂಧಗಳಿಗೆ ಆ ಎರಡನೆಯ ಸಲ ಎಂಬುದೇ ಇರುವುದಿಲ್ಲ.

ಈಗ ಇಬ್ಬರೂ ಸೇರಿ ಕೂತಿದ್ದಾರೆ. ಗೆಳೆಯನ ಜೋಡಣೆಯಲ್ಲಿ ಪ್ರತಿ ಮೌನಕ್ಕೂ ಎಷ್ಟೆಷ್ಟು ರಿಪೀಟರ್ ಬಿದ್ದಿವೆ ಎಂದು ಎಣಿಸಿ, ಅದರ ಪ್ರಕಾರ ಅಕ್ಕನ ಮಗನದ್ದನ್ನು ಬಿಚ್ಚಿ ಜಾಗ ಮಾಡುತ್ತಿದ್ದಾರೆ. ಒಂದು ಉಸಿರಿಗೆ ಹತ್ತನೇ ಆರು ಭಾಗ, ಇನ್ನೊಂದಕ್ಕೆ ಒಂಬತ್ತು, ಮತ್ತೊಂದಕ್ಕೆ ಏಳು. ಆ ಜಾಗದಲ್ಲಿ ದೀಪ ಇಡಬೇಕೋ ಬೇಡವೋ ಎಂಬ ಜಗಳ ನಡೆದಿದೆ. ಗೆಳೆಯ ಕತ್ತಲೇ ಇರಲಿ ಎನ್ನುತ್ತಾನೆ. ಅಕ್ಕನ ಮಗನ ಚಿಂತೆ ಬೇರೆ. ರೆಕಾರ್ಡಿಂಗಿನ ದಿನ ಅಜ್ಜನಿಗೆ ಕೆಮ್ಮಿತ್ತು, ಆ ಉಸಿರುಗಳು ಎಂದಿನವಲ್ಲವೇನೋ, ಅವನ್ನೇ ಅಳತೆ ಅಂತ ಇಟ್ಟುಕೊಂಡರೆ ಸರಿಯೇ ಎಂದು ಕೇಳುತ್ತಾನೆ. ಬರುವ ಭಾನುವಾರ ಮತ್ತೆ ಹಟ್ಟಿಗೆ ಹೋಗೋಣ ಮಾಮ, ಅಂದಿದ್ದಾನೆ.